ಯಾರೂ ಮುಟ್ಟದ ಸ್ಕ್ರೂ

ಹಲ್ಲು ಕೀಳುವವನನ್ನು ಜನ ಡಾಕ್ಟರ್ ಎಂದು ಕರೆಯುತ್ತಾರೆ, ಕರೆಯಲಿ. ಎಲ್ಡನ್ ಪ್ರಿಂಗಲ್ ಮೂವತ್ತೆಂಟು ವರ್ಷ ನಮ್ಮ ಕೌಂಟಿಯ ಅರ್ಧ ಜನರ ಬಾಯಿಗೆ ಕೈ ಹಾಕಿದವನು. ನನ್ನ ಎಡಗಡೆಯ ದವಡೆ ಹಲ್ಲನ್ನು ಕೊರೆದು ಬೆಳ್ಳಿ ತುಂಬಿದ್ದೂ ಅವನೇ. ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರೆಲ್ಲ ಅವನು ಬರೆದ ಪುಸ್ತಕದ ಬಗ್ಗೆ. ಹಳೆಯ ಕಾಲದ ದೊಡ್ಡ ಪಿಸ್ತೂಲುಗಳ ನಳಿಗೆ, ಹಿಡಿ ಎಲ್ಲ ಮೊಟಕಾಗಿಸಿ ಅಂಗೈಯಗಲಕ್ಕೆ ಇಳಿಸಿದ 'ಮರಿ' ಪಿಸ್ತೂಲುಗಳ ಮೇಲೆ ಆರುನೂರು ಪುಟಗಳ ಸಂಶೋಧನೆ ಅದು. ಓಹಾಯೋದ ಈ ಮೂಲೆಯ ಸಂಗ್ರಹಕಾರರ ಸಂಘದಲ್ಲಿ ಆ ಪುಸ್ತಕಕ್ಕೆ ಬೈಬಲ್ಲಿಗಿಂತ ಒಂದು ಗೇಣು ಕೆಳಗಿನ ಸ್ಥಾನ. ಸಂಶೋಧನೆ ಎಂದರೆ ಇಷ್ಟೇ: ಅವನು ಜೀವಮಾನದಲ್ಲಿ ಒಂದು ಪಿಸ್ತೂಲನ್ನೂ ಮಾಡಿದವನಲ್ಲ, ಬೇರೆಯವರು ಮಾಡಿದ್ದನ್ನು, ಎಲ್ಲವನ್ನೂ ದೊಡ್ಡದಾಗಿ ತೋರಿಸುವ ಬೂದುಗಾಜಿನಲ್ಲಿ ನೋಡಿ ತಲೆಯಾಡಿಸಿದವನು.

ಆ ಪುಸ್ತಕದಲ್ಲಿ, ಅಂಥ ಪಿಸ್ತೂಲುಗಳನ್ನು ಕೈಯಾರೆ ಮಾಡುತ್ತಿದ್ದ ನನ್ನ ಗಂಡ ಓರಿನ್ ಸ್ಟಕಿಗೆ ಒಂದೇ ಒಂದು ಸಾಲು ಸಿಕ್ಕಿದೆ. ಅದು ಮೊದಲು ಸಂಘದ ಪತ್ರಿಕೆಯಲ್ಲಿ, ಎಂಬತ್ತಾರನೇ ಇಸವಿಯಲ್ಲಿ ಬಂತು. "ಸ್ಟಕಿಯಂಥವರ ಕೈಗೆ ಅರ ಕೊಡುವುದೂ ಒಂದೇ, ಕಟುಕನ ಕೈಗೆ ಕರು ಕೊಡುವುದೂ ಒಂದೇ."

ಅದಕ್ಕೆ ಕಾರಣ ಏನೆಂದು ಎಲ್ಲರಿಗೂ ಗೊತ್ತಿತ್ತು. ಹಿಂದಿನ ತಿಂಗಳ ಸಭೆಯಲ್ಲಿ ಪ್ರಿಂಗಲ್ ತನ್ನ ಹೊಸ ಪಿಸ್ತೂಲನ್ನು ಹೆಣ್ಣು ತೋರಿಸುವವನ ಹಾಗೆ ಎಲ್ಲರ ಮುಂದೆ ತಂದಿಟ್ಟಿದ್ದ. ಓರಿನ್ ಅದನ್ನು ಎರಡು ಸಲ ತಿರುಗಿಸಿ ನೋಡಿ, "ಡಾಕ್ಟ್ರೇ, ಈ ನಳಿಗೆ ಇದರದ್ದಲ್ಲ, ಬೇರೆ ಯಾವ್ದರದ್ದೋ ತಂದು ಕೂರ್ಸಿದಾರೆ" ಎಂದು ಹೇಳಿ ಕಾಫಿ ಕುಡಿಯಲು ಎದ್ದು ಹೋಗಿದ್ದ. ಅಷ್ಟೇ. ಆ ಮನುಷ್ಯನಿಗೆ ನಯವಾಗಿ ಮಾತಾಡಲು ಬರುತ್ತಿರಲಿಲ್ಲ, ಸುಳ್ಳಾಡಲು ಅದಕ್ಕಿಂತಲೂ ಬರುತ್ತಿರಲಿಲ್ಲ.

ಆ ಸಾಲು ಅಚ್ಚಾದ ಮೇಲೆ ಓರಿನ್ ಮರಿ ಪಿಸ್ತೂಲು ಮಾಡುವುದನ್ನು ಬಿಟ್ಟ. ಉತ್ತರ ಬರಿ ಎಂದೆ, ಬರೆಯಲಿಲ್ಲ. ಹೋಗಿ ಕಪಾಳಕ್ಕೆ ಬಾರಿಸಿ ಬಾ ಎಂದೆ, ಹೋಗಲಿಲ್ಲ. ಉಕ್ಕು ಉಜ್ಜುವ ಅರಗಳನ್ನೆಲ್ಲ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಕೆಳಗಿನ ಡ್ರಾಯರಿಗೆ ಹಾಕಿ, ಸಾಯುವವರೆಗೂ ಹುಲ್ಲು ಕತ್ತರಿಸುವ ಯಂತ್ರಗಳನ್ನು ರಿಪೇರಿ ಮಾಡಿಕೊಂಡಿದ್ದ. ಅದೇ ವಾರ ಇನ್ನೊಂದು ಕೆಲಸ ಮಾಡಿದ. ನನಗೆಂದು ಎರಡು ಚಳಿಗಾಲ ಕೂತು ಮಾಡಿದ್ದ ಮರಿ ಪಿಸ್ತೂಲನ್ನು ಇಂಡಿಯಾನಾ ಕಡೆಯ ಯಾವನೋ ದಾರಿಹೋಕನಿಗೆ ಕೊಟ್ಟು, ನನ್ನ ಕಾರಿಗೆ ನಾಲ್ಕು ಟೈರು ತಂದ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಆ ಟೈರುಗಳ ಮೇಲೆ ಕೂತು ಓಡಾಡಿದಷ್ಟು ದಿನವೂ ನಾನು ಅವನನ್ನು ಮನಸ್ಸಿನಲ್ಲೇ ಹೇಡಿ ಎಂದು ಬೈದಿದ್ದೇನೆ. ಹಲ್ಲಿನ ಡಾಕ್ಟರೊಬ್ಬ ಉಗುಳಿದ್ದನ್ನು ಒರೆಸಿಕೊಂಡು ಸುಮ್ಮನಿದ್ದವನನ್ನು ಇನ್ನೇನೆಂದು ಕರೆಯಬೇಕಿತ್ತು?

ಆ ಪಿಸ್ತೂಲಿನ ಕಥೆ ಸಣ್ಣದು. ಎಪ್ಪತ್ತೇಳರಲ್ಲಿ ಒಬ್ಬ ರೈತನ ಹೆಂಡತಿ, ಮಾವ ಯುದ್ಧದಿಂದ ತಂದದ್ದೆಂದು ಹೇಳಿ, ಹಳೆಯ ಜರ್ಮನ್ ಲೂಗರ್ ಪಿಸ್ತೂಲೊಂದನ್ನು ತಂದುಕೊಟ್ಟಳು. ಕೊಟ್ಟಿಗೆಯ ಅಟ್ಟದಲ್ಲಿ ಬಿದ್ದು ತುಕ್ಕು ತಿಂದಿತ್ತು, ನಳಿಗೆಯ ತುದಿ ಉಬ್ಬಿಹೋಗಿತ್ತು. "ಎಸೀರಿ ಇಲ್ಲ ಇಟ್ಕೊಳ್ಳಿ" ಎಂದಳು. ಓರಿನ್ ಇಟ್ಟುಕೊಂಡ. ನನ್ನ ಕೈ ಚಿಕ್ಕದು, ಸಂಘದ ಹೆಂಗಸರ ಸ್ಪರ್ಧೆಯಲ್ಲಿ ದೊಡ್ಡ ಪಿಸ್ತೂಲು ಹಿಡಿದು ಒದ್ದಾಡುತ್ತಿದ್ದೆ. ಅದನ್ನು ನೋಡಿ ನೋಡಿ ಸಾಕಾಗಿತ್ತೋ ಏನೋ, ಇದನ್ನು ನನ್ನ ಕೈಯಳತೆಗೆ ಇಳಿಸುತ್ತೇನೆ ಎಂದ. ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂದೆ ನೂರಾರು ಚಿತ್ರ ಬರೆದ. ನನ್ನ ಬೆರಳುಗಳನ್ನು ಪೆನ್ಸಿಲಿನಿಂದ ಸುತ್ತುವರಿದು ಗೀಚಿದ. ಸಂಶೋಧನೆ ಎಂದರೆ ನನ್ನ ಪ್ರಕಾರ ಅದು. ನಳಿಗೆ ಕತ್ತರಿಸುವುದು ಯಾರಿಗೂ ಬರುತ್ತದೆ. ಎಲ್ಲ ಮೊಟಕಾದ ಮೇಲೂ ಅದು ಹುಟ್ಟಿದ್ದೇ ಹಾಗೆ ಎನ್ನಿಸಬೇಕು, ಬೆಸುಗೆಯ ಗೆರೆ ದೇವರಿಗೂ ಕಾಣಬಾರದು, ಅದು ಕೈಗುಣ. ಕೊನೆಗೆ ತುಕ್ಕು ಹಿಡಿಯದ ಹಾಗೆ ಉಕ್ಕಿಗೆ ನೀಲಿ ಬಣ್ಣ ಏರಿಸುವುದು ನನ್ನ ಕೆಲಸವಾಗಿತ್ತು. ನಮ್ಮ ಗ್ಯಾರೇಜಿನಲ್ಲಿ ತಯಾರಾದ ಪ್ರತಿಯೊಂದಕ್ಕೂ ನೀಲಿ ಏರಿಸಿದವಳು ನಾನೇ. ತೊಟ್ಟಿಯಲ್ಲಿ ಕ್ಷಾರದ ಉಪ್ಪುನೀರು ಕುದಿಸಿ, ಕಣ್ಣು ಮುಚ್ಚದೆ ಕಾದು ನಿಂತು, ಸರಿಯಾದ ಗಳಿಗೆಗೆ ಎತ್ತಬೇಕು. ಮರಿ ಲೂಗರಿನ ದಿನ ನನ್ನ ತಂಗಿ ಮೇವಿಸ್ ಫೋನ್ ಮಾಡಿದಳು. ಅವಳಿಗೆ ಎರಡು ಮಾತಲ್ಲಿ ಮುಗಿಸಲು ಬರುವುದಿಲ್ಲ. ಓಡಿ ಬರುವಷ್ಟರಲ್ಲಿ ಹಿಡಿಯ ಹಿಂಭಾಗಕ್ಕೆ ಒಂದಿಷ್ಟು ನೇರಳೆ ಬಣ್ಣ ಬಂದುಬಿಟ್ಟಿತ್ತು. ಮತ್ತೆ ಮಾಡುತ್ತೇನೆ ಎಂದರೆ ಓರಿನ್, "ಇರ್ಲಿ ಬಿಡೇ, ಮೇವಿಸ್ ನೆನಪಿಗೆ" ಎಂದು ನಕ್ಕಿದ್ದ.

ಅವನಿಗೆ ಎರಡು ಹುಚ್ಚುಗಳಿದ್ದವು. ಒಂದು, ಸ್ಕ್ರೂ ಬಿಗಿದ ಮೇಲೆ ಅದರ ತಲೆಯ ಗೀಟು ನೆಟ್ಟಗೆ, ಗಡಿಯಾರದಲ್ಲಿ ಹನ್ನೆರಡು ಗಂಟೆ ತೋರಿಸುವ ಮುಳ್ಳಿನ ಹಾಗೆ ನಿಲ್ಲಬೇಕು. ಕೂದಲೆಳೆಯಷ್ಟು ಓರೆಯಾದರೂ ಬಿಚ್ಚಿ, ಉಜ್ಜಿ, ಮತ್ತೆ ಬಿಗಿಯುತ್ತಿದ್ದ. ಇನ್ನೊಂದು, ನನ್ನ ಹತ್ಯಾರಕ್ಕೂ ಅವನದಕ್ಕೂ ಬೆರಕೆಯಾಗಬಾರದು. ಗಂಡಹೆಂಡತಿ ಹಾಸಿಗೆ ಹಂಚಿಕೊಳ್ಳಬಹುದು, ಸ್ಕ್ರೂಡ್ರೈವರ್ ಹಂಚಿಕೊಳ್ಳಬಾರದು ಎನ್ನುತ್ತಿದ್ದ. ಅದಕ್ಕೇ ನನ್ನದೆಲ್ಲದರ ಮೇಲೂ ವಿಲ್ಡಾ ಎಂಬ ನನ್ನ ಹೆಸರಿನ ಗುರುತಾಗಿ ಒಂದು ಡಬ್ಲ್ಯೂ ಒತ್ತುತ್ತಿದ್ದ. ಆ ಉಕ್ಕಿನ ಅಚ್ಚು ಒಮ್ಮೆ ನೆಲಕ್ಕೆ ಬಿದ್ದು ಅಕ್ಷರದ ಕೊನೆಯ ಕಾಲು ಅರ್ಧಕ್ಕೇ ಮುರಿದಿತ್ತು. ಹೊಸದು ತಗೋ ಎಂದರೆ ಜಿಪುಣ ತಗೊಳ್ಳಲಿಲ್ಲ. ನನ್ನ ಸ್ಕ್ರೂಡ್ರೈವರು, ಚಿಮಟ, ಅಡುಗೆಮನೆಯ ಚಾಕು, ಎಲ್ಲದರ ಮೇಲೂ ಕುಂಟ ಡಬ್ಲ್ಯೂ.

ಓರಿನ್ ತೀರಿಕೊಂಡು ಒಂಬತ್ತು ವರ್ಷವಾಯಿತು. ಕಟುಕ ಎಂಬ ಸಾಲು ಮಾತ್ರ ಸಾಯಲಿಲ್ಲ, ಪುಸ್ತಕದ ನಾಲ್ಕನೇ ಮುದ್ರಣದಲ್ಲೂ ಇದೆ. ಇನ್ನೂ ನೂರು ವರ್ಷ ಬಿಟ್ಟು ಯಾರಾದರೂ ಓರಿನ್ ಸ್ಟಕಿ ಯಾರು ಎಂದು ಹುಡುಕಿದರೆ ಅದೊಂದೇ ಸಿಗುತ್ತದೆ ಎಂಬುದು ನನ್ನ ಹೊಟ್ಟೆಯುರಿ.

ಹೋದ ನವೆಂಬರಿನ ಒಂದು ಶನಿವಾರ ಕೌಂಟಿ ಮೈದಾನದ ದೊಡ್ಡ ಹಾಲ್‌ನಲ್ಲಿ ಸಂಘದ ವಾರ್ಷಿಕ ಪ್ರದರ್ಶನ ಇತ್ತು. ನಾನೂ ನನ್ನ ಗೆಳತಿ ಓಪಲ್ಲೂ ಪ್ರತಿವರ್ಷದ ಹಾಗೆ ಚರ್ಚಿನ ಪರವಾಗಿ ಪೈ ಮತ್ತು ಕಾಫಿ ಮಾರಲು ಬಾಗಿಲ ಹತ್ತಿರ ಮೇಜು ಹಾಕಿದ್ದೆವು. ಹಾಲ್‌ನ ತುಂಬ ಹಸಿರು ಬಟ್ಟೆ ಹೊದಿಸಿದ ಮೇಜುಗಳು, ಅವುಗಳ ಮೇಲೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿದ ಪಿಸ್ತೂಲುಗಳು, ಅವುಗಳ ಹಿಂದೆ ಹೊಟ್ಟೆ ಬಂದ ಗಂಡಸರು. ಮನೆಯಲ್ಲಿ ತಟ್ಟೆ ಎತ್ತಿಡದವರು ಇಲ್ಲಿ ಹತ್ತಿ ಕೈಗವಸು ಹಾಕಿಕೊಂಡು ಕಬ್ಬಿಣವನ್ನು ಬಾಣಂತಿ ಕೂಸಿನ ಹಾಗೆ ಎತ್ತಿಕೊಳ್ಳುತ್ತಾರೆ.

ಇವರ ಶಾಸ್ತ್ರದಲ್ಲಿ ಅತಿ ಪವಿತ್ರವಾದದ್ದು ಯಾವುದು ಗೊತ್ತೇ? ತಿರುಗದ ಸ್ಕ್ರೂ. ಕಾರ್ಖಾನೆ ಬಿಗಿದ ಸ್ಕ್ರೂವನ್ನು ಇಂದಿನವರೆಗೆ ಯಾರೂ ಬಿಚ್ಚಿಲ್ಲ ಎಂದರೆ ಆ ಪಿಸ್ತೂಲು ಅಪ್ಪಟ. ಒಮ್ಮೆ ಬಿಚ್ಚಿದರೆ ಮುಗಿಯಿತು, ಮೈಲಿಗೆ. ಹಾಗಾಗಿ ಒಳಗೆ ಏನಿದೆ ಎಂದು ಯಾರೂ ನೋಡುವುದಿಲ್ಲ, ನೋಡದೇ ಇರುವುದೇ ಇವರ ಪಾಂಡಿತ್ಯ.

"ಏನೇ ವಿಲ್ಡಾ, ಆ ಕಡೆ ಜನ ಮುತ್ತಿಕೊಂಡ್ಬಿಟ್ಟಿದಾರೆ, ನಮ್ಮ ಕುಂಬಳಕಾಯಿ ಪೈ ಕೇಳೋರೇ ಇಲ್ಲ," ಓಪಲ್ ಗೊಣಗಿದಳು. "ಅದೇನು ನೋಡ್ಕೊಂಡು ಬಾರೆ."

ಗುಂಪು ಇದ್ದದ್ದು ಲೋವೆಲ್ ಹ್ಯಾಚ್‌ನ ಮೇಜಿನ ಸುತ್ತ. ಲೋವೆಲ್ ಹಾಲು ಕರೆಯುವ ಯಂತ್ರಗಳನ್ನು ಮಾರುವವನು, ಐವತ್ತೈದರ ಆಸುಪಾಸು. ಈ ಮಂದೆಯಲ್ಲಿ ಸ್ವಲ್ಪ ಮನುಷ್ಯನ ಹಾಗೆ ಇರುವವನು ಅವನೊಬ್ಬ. ಅವನ ಪಕ್ಕ ಪ್ರಿಂಗಲ್ ಬೋ ಟೈ ಕಟ್ಟಿಕೊಂಡು ನಿಂತಿದ್ದ. ಮುಂದೆ ಗಾಜಿನ ಪೆಟ್ಟಿಗೆ, ಅದರ ಪಕ್ಕ ಸಂಘದ ಪತ್ರಿಕೆ, ಒಂದು ಚೀಟಿ. "ಕಾರ್ಖಾನೆಯ ಪ್ರಯೋಗದ ಮರಿ ಲೂಗರ್, 1912. ಇಂಥದು ಇನ್ನೊಂದಿಲ್ಲ. ಎರಡೂ ಸ್ಕ್ರೂಗಳು ಇಂದಿನವರೆಗೆ ತಿರುಗಿಲ್ಲ. ದೃಢೀಕರಿಸಿದವರು: ಡಾ. ಎಲ್ಡನ್ ಪ್ರಿಂಗಲ್."

ಪೆಟ್ಟಿಗೆಯೊಳಗೆ ನೋಡಿದೆ. ನನ್ನ ಪಿಸ್ತೂಲು.

"ಈ ಮೂಲೇಲಿ ನೋಡಿ," ಪ್ರಿಂಗಲ್ ಪಾಠ ಹೇಳುತ್ತಿದ್ದ, "ಈ ನೇರಳೆ ಛಾಯೆ. ಇದು ಆ ಕಾಲದ ಜರ್ಮನ್ ಕುಶಲಕರ್ಮಿಗಳ ಗುಟ್ಟು. ಆ ವಿದ್ಯೆ ಅವರ ಜೊತೇನೇ ಮಣ್ಣಾಯ್ತು. ಇವತ್ತು ಭೂಮಿ ಮೇಲೆ ಯಾರಿಗೂ ಬರಲ್ಲ."

ಮೇವಿಸ್ ಕೇಳಿಸಿಕೊಂಡಿದ್ದರೆ ಎಷ್ಟು ಹಿಗ್ಗುತ್ತಿದ್ದಳೋ.

"ಅಂಥ ಕೈಗಳನ್ನ ಮತ್ತೆ ನೋಡೋಕಾಗಲ್ಲ," ಎಂದ ಪ್ರಿಂಗಲ್, ಕಣ್ಣು ಒದ್ದೆ ಮಾಡಿಕೊಂಡು. ನನಗೆ ನಗು ಬಂತು, ಅದರ ಹಿಂದೆಯೇ ಮೈಯೆಲ್ಲ ಉರಿಯಿತು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ. ಇವನು ಕಟುಕ ಎಂದು ಕರೆದ ಕೈಯನ್ನೇ ಇವತ್ತು ದೇವರ ಕೈ ಎನ್ನುತ್ತಿದ್ದಾನೆ, ಅದು ಸಾಗರದಾಚೆಯದು ಎಂದುಕೊಂಡು.

ಅವನು ನನ್ನನ್ನು ನೋಡಿದ. "ಓಹೋ, ಮಿಸೆಸ್ ಸ್ಟಕಿ! ಪೈ ತಂದ್ರಾ?"

"ಪೈ ಅಲ್ಲೇ ಮೇಜಿನ ಮೇಲಿದೆ ಡಾಕ್ಟ್ರೇ, ನಿಮಗೆ ಕಾಲಿದ್ಯಲ್ಲ," ಎಂದೆ. "ಈ ಪಿಸ್ತೂಲು ಮಾಡಿದ್ದು ನಮ್ಮೋರು. ನಮ್ಮ ಗ್ಯಾರೇಜಲ್ಲಿ. ಎಪ್ಪತ್ತೊಂಬತ್ತರಲ್ಲಿ."

ಒಂದಿಬ್ಬರು ಕಿಸಕ್ಕನೆ ನಕ್ಕರು. ಲೋವೆಲ್ ಬೆಚ್ಚಿಬಿದ್ದ. "ಮಿಸೆಸ್ ಸ್ಟಕಿ, ಇದನ್ನ ನಾನು ಹೋದ ವರ್ಷ ಇಂಡಿಯಾನಾದಲ್ಲಿ ಒಬ್ಬರ ಮನೆಯವ್ರ ಹತ್ರ ತಗೊಂಡಿದ್ದು. ಕಳವಿನ ಮಾಲು ಅಂತೀರಾ?"

"ಕಳವು ಅಂತ ಯಾರಂದ್ರು? ನಮ್ಮನೆಯೋರೇ ಕೈಯಾರೆ ಕೊಟ್ಟಿದ್ದು. ಅದು ನಿಂದೇ, ನೀನೇ ಇಟ್ಕೊಳಪ್ಪ. ಮಾಡಿದೋರು ಯಾರು ಅನ್ನೋದಷ್ಟೇ ನನ್ ಮಾತು."

"ಪಾಪ," ಪ್ರಿಂಗಲ್ ಸುತ್ತಲಿದ್ದವರಿಗೆ ಹೇಳಿದ, ನಾನು ಅಲ್ಲಿ ಇಲ್ಲವೇನೋ ಎಂಬಂತೆ. "ಒಂಟಿಯಾಗಿದ್ದಾರೆ, ವಯಸ್ಸೂ ಆಯ್ತು. ಗಂಡನ ಮೇಲಿನ ಅಭಿಮಾನ. ತಪ್ಪು ತಿಳ್ಕೋಬೇಡಿ."

"ನಿಮಗಿಂತ ಎರಡು ವರ್ಷ ಚಿಕ್ಕೋಳು ನಾನು. ಆ ಎಡಗಡೆ ಹಿಡಿಯ ಮರದ ಪಟ್ಟಿ ಬಿಚ್ಚಿ. ಅದರಡಿ ಉಕ್ಕಿನ ಮೇಲೆ ಅವ್ರ ಹೆಸರಿನ ಎರಡಕ್ಷರ, ಇಸವಿ ಒತ್ತಿದಾರೆ. ಎಲ್ಲಾದಕ್ಕೂ ಅಲ್ಲೇ ಒತ್ತೋರು."

"ಬಿಚ್ಚೋದಾ!" ಅವನು ಎದೆಗೆ ಕೈ ಇಟ್ಟುಕೊಂಡ. "ನೂರು ವರ್ಷದಿಂದ ಯಾರೂ ಮುಟ್ಟದ ಸ್ಕ್ರೂ ಅದು. ಕನ್ನೆ ಸ್ಕ್ರೂ. ಯಾರೋ ಬಂದು ಏನೋ ಅಂದ್ರು ಅಂತ ಅದನ್ನ ಹಾಳು ಮಾಡೋದಾ? ಲೋವೆಲ್, ನೀನು ಒಂದು ಸಲ ಅದನ್ನ ತಿರುಗಿಸಿದ್ರೆ ಇದು ಬರೀ ಕಬ್ಬಿಣ, ನೆನಪಿಟ್ಕೊ."

ಗುಂಪು ಹೌದು ಹೌದೆಂದು ತಲೆಯಾಡಿಸಿತು. ಹಿಂದೆ ಮುಂದೆ ನೋಡದೆ ತಲೆಯಾಡಿಸುವುದು ಕೋಲೆ ಬಸವನಿಗೆ ಸಹಜ, ಆದರೆ ಅದಕ್ಕೆ ಯಾರೂ ಸಂಗ್ರಹಕಾರ ಎನ್ನುವುದಿಲ್ಲ. ನಾನು ಗಾಜಿಗೆ ಇನ್ನಷ್ಟು ಹತ್ತಿರ ಬಾಗಿದೆ. ಆಗ ಕಣ್ಣಿಗೆ ಬಿತ್ತು. ಸ್ಕ್ರೂವಿನ ಗೀಟು ನೆಟ್ಟಗಿರಲಿಲ್ಲ.

"ಲೋವೆಲ್," ಎಂದೆ, "ಈ ಸ್ಕ್ರೂ ಎಷ್ಟು ಗಂಟೆ ತೋರಿಸ್ತಿದೆ, ನೋಡಿ ಹೇಳು."

"ಅಂದ್ರೆ?"

"ತಲೆ ಮೇಲಿನ ಗೀಟು ಗಡಿಯಾರದ ಮುಳ್ಳು ಅಂದ್ಕೊ."

ಅವನು ಬಾಗಿದ. "ಹನ್ನೆರಡು. ಅಲ್ಲ. ಹನ್ನೆರಡಕ್ಕೆ ಐದು ನಿಮಿಷ ಕಮ್ಮಿ."

"ಆ ಕಡೇದು?"

ಅವನು ಪೆಟ್ಟಿಗೆಯನ್ನು ಸುತ್ತಿ ಬಂದ. "ಹನ್ನೆರಡಕ್ಕೆ ಒಂದೆರಡು ನಿಮಿಷ ಕಮ್ಮಿ."

"ಆ ಪತ್ರಿಕೇಲಿ ಇದರ ಫೋಟೋ ಇದ್ಯಲ್ಲ, ಅದರಲ್ಲಿ?"

ಲೋವೆಲ್ ಪತ್ರಿಕೆ ತೆರೆದು, ಜೇಬಿನಿಂದ ಬೂದುಗಾಜು ತೆಗೆದು ಇಟ್ಟು ನೋಡಿದ. ಎರಡು ಫೋಟೋ, ಎರಡು ಕಡೆಯವು. ಬಹಳ ಹೊತ್ತು ನೋಡಿದ. ಅವನ ಕಿವಿಗಳು ಕೆಂಪಾಗುತ್ತ ಬಂದವು. "ಎರಡೂ ನೆಟ್ಟಗಿವೆ. ಹನ್ನೆರಡಕ್ಕೆ ಸರಿಯಾಗಿ."

"ಸ್ಕ್ರೂ ಗಡಿಯಾರ ಅಲ್ವಲ್ಲಪ್ಪ, ತಾನಾಗಿ ಓಡೋಕೆ."

"ಈ ಫೋಟೋ ನಾನೇ ತೆಗೆದಿದ್ದು," ಲೋವೆಲ್ ನಿಧಾನವಾಗಿ ಹೇಳಿದ. "ತಗೊಂಡ ದಿನ, ನಮ್ಮ ಅಡುಗೆಮನೇಲಿ. ಆಮೇಲೆ ಡಾಕ್ಟ್ರು ಸಂಶೋಧನೆಗೆ ಅಂತ ಒಯ್ದು ಆರು ತಿಂಗಳು ಇಟ್ಕೊಂಡಿದ್ರು. ಅವ್ರು ತಂದ್ಕೊಟ್ಟ ಮೇಲೆ ಈ ಪೆಟ್ಟಿಗೆ ಬಿಟ್ಟು ಹೊರಗೆ ಬಂದಿಲ್ಲ ಇದು."

ಪ್ರಿಂಗಲ್ ಬೋ ಟೈ ಸಡಿಲಿಸಿಕೊಂಡ. "ಬೆಳಕಿನ ಆಟ ಅದು. ಕ್ಯಾಮೆರಾ ಓರೆ ಹಿಡ್ದಿರ್ತೀಯ. ನಾನ್ಯಾಕೆ ಅದನ್ನ ಕೊರೆಯೋಕೆ ಹೋಗ್ಲಿ?"

ಕೊರೆದೆ ಎಂದು ಯಾರೂ ಅಂದಿರಲಿಲ್ಲ. ಬಿಚ್ಚಿದ್ದಾರೆ ಎನ್ನುವಷ್ಟಕ್ಕೆ ಮಾತ್ರ ನಮ್ಮ ಮಾತು ಬಂದಿತ್ತು, ಅದನ್ನೂ ಯಾರ ಹೆಸರೂ ಹೇಳದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದನ್ನು ಕೇಳಿದ್ದೆ, ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ಲೋವೆಲ್ ಪೆಟ್ಟಿಗೆಯ ಬೀಗ ತೆಗೆದ. ಗುಂಪಿನಲ್ಲಿ ಉಸಿರು ಎಳೆದುಕೊಂಡ ಸದ್ದಾಯಿತು. ಅವನು ಪಿಸ್ತೂಲನ್ನು ಹೊರಗೆ ತೆಗೆದು ನನ್ನ ಮುಂದೆ ಇಟ್ಟ. "ಮಿಸೆಸ್ ಸ್ಟಕಿ, ನೀವೇ ಬಿಚ್ಚಿ. ನನ್ನ ಕೈಲಾಗಲ್ಲ."

ನನ್ನ ಕೈಚೀಲದಲ್ಲಿ ಓರಿನ್ ಮಾಡಿಕೊಟ್ಟ ಸ್ಕ್ರೂಡ್ರೈವರ್ ಯಾವಾಗಲೂ ಇರುತ್ತದೆ. ಚರ್ಚಿನ ಬೆಂಚು, ಕಾಫಿ ಪಾತ್ರೆಯ ಹಿಡಿ, ಓಪಲ್‌ಳ ಹೊಲಿಗೆ ಯಂತ್ರ, ಲೋಕದಲ್ಲಿ ಏನಾದರೂ ಒಂದು ಸಡಿಲವಾಗಿಯೇ ಇರುತ್ತದೆ. ಅದರ ಬಾಯಿಯನ್ನು ಅವನು ಇಂಥ ಸ್ಕ್ರೂಗಳ ಗೀಟಿಗೆ ಸರಿಯಾಗಿ ಉಜ್ಜಿ ಕೊಟ್ಟಿದ್ದ. ಇಟ್ಟೆ, ಗೀಟಿನೊಳಗೆ ಕೂತುಕೊಂಡಿತು. ತಿರುಗಿಸಿದೆ. ನೂರು ವರ್ಷ ಮುಟ್ಟದ ಸ್ಕ್ರೂ ಬೆಣ್ಣೆಯಲ್ಲಿ ಚಾಕು ಇಳಿದಷ್ಟು ಸುಲಭವಾಗಿ ಬಂತು.

ಮರದ ಪಟ್ಟಿ ಎತ್ತಿದೆ. ಓರಿನ್‌ನ ಅಕ್ಷರಗಳಿರಲಿಲ್ಲ.

ಅಕ್ಷರ ಇರಬೇಕಾದ ಜಾಗದಲ್ಲಿ ಉಕ್ಕು ಹೆಬ್ಬೆರಳ ಉಗುರಿನಷ್ಟು ಅಗಲಕ್ಕೆ ತಗ್ಗಾಗಿತ್ತು. ಅದರ ಮೇಲೆ ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುವ ನೀಲಿಯನ್ನು ಬಟ್ಟೆಯಲ್ಲಿ ಒರೆಸಿದ್ದರು. ಅದು ನನ್ನ ನೀಲಿಯ ಪಕ್ಕದಲ್ಲಿ ಶಾಯಿ ಚೆಲ್ಲಿದ ಹಾಗಿತ್ತು. ಬೆರಳ ತುದಿಯಲ್ಲಿ ಮುಟ್ಟಿ ನೋಡಿದೆ. ಅರ ಹಾಕಿದರೆ ಗೆರೆ ಬೀಳುತ್ತದೆ. ಇಲ್ಲಿ ಗೆರೆಯಿಲ್ಲ, ಸಣ್ಣ ಸಣ್ಣ ಗುಂಡನೆಯ ಗುಳಿಗಳು, ಒಂದರ ಪಕ್ಕ ಒಂದು. ಆ ಗುಳಿಯ ಪರಿಚಯ ನನ್ನ ನಾಲಿಗೆಗೆ ಚೆನ್ನಾಗಿ ಇದೆ. ದವಡೆ ಹಲ್ಲು ಕೊರೆಸಿಕೊಂಡು, ಬೆಳ್ಳಿ ತುಂಬುವ ಮೊದಲು ಎರಡು ವಾರ ಅದನ್ನು ನೆಕ್ಕಿಕೊಂಡು ಓಡಾಡಿದ್ದೆ.

"ಲೋವೆಲ್, ಇದನ್ನ ಯಾವ ಹತ್ಯಾರದಿಂದ ತೆಗೆದಿದಾರೆ ಅಂತ ನಿಂಗೂ ಗೊತ್ತಾಗ್ಬೇಕಲ್ಲ," ಎಂದೆ. "ನಿನ್ನ ಬಾಯಲ್ಲೂ ಎರಡು ಹಲ್ಲಿಗೆ ಡಾಕ್ಟ್ರು ಇದೇ ಕೆಲಸ ಮಾಡಿದಾರೆ."

ಲೋವೆಲ್ ಬೂದುಗಾಜಿನಲ್ಲಿ ನೋಡಿದ. ನಾಲಿಗೆ ಒಳಗಿನಿಂದ ಕೆನ್ನೆಯನ್ನು ತಡವುತ್ತಿದ್ದದ್ದು ಹೊರಗೆ ಕಾಣುತ್ತಿತ್ತು. ಪ್ರಿಂಗಲ್‌ನ ಮುಖ ಕಡುಬಿನ ಹಿಟ್ಟಿನ ಬಣ್ಣಕ್ಕೆ ತಿರುಗಿತು.

"ಕಾರ್ಖಾನೇಲೇ ಹಾಗೆ ಮಾಡಿರ್ತಾರೆ!" ಅವನು ಕೂಗಿದ. "ಇವರ ಮಾತು ಕೇಳ್ಬೇಡಿ! ಆ ಕಡೆ ಪಟ್ಟಿ ತೆಗೀರಿ, ಬಲಗಡೇದು! ಅಲ್ಲಿ ಕಾರ್ಖಾನೆಯ ತಪಾಸಣೆ ಮುದ್ರೆ ಇದೆ. ಡಬ್ಲ್ಯೂ! ಸ್ಪಷ್ಟವಾಗಿದೆ! ಅದನ್ನ ನೋಡಿ ಆಮೇಲೆ ಮಾತಾಡಿ!"

ಲೋವೆಲ್ ಬೂದುಗಾಜನ್ನು ಮಡಚಿದ. "ಡಾಕ್ಟ್ರೇ," ಎಂದ, ತೀರ ಮೆತ್ತಗೆ, "ಯಾರೂ ಮುಟ್ಟದ ಸ್ಕ್ರೂ ಅಂದ್ರಲ್ಲ. ಅದರಡಿ ಏನಿದೆ ಅಂತ ನಿಮಗೆ ಹೆಂಗೆ ಗೊತ್ತು?"

ಪ್ರಿಂಗಲ್ ಬಾಯಿ ತೆರೆದ. ಮೂವತ್ತೆಂಟು ವರ್ಷ ಬೇರೆಯವರ ಬಾಯಿ ತೆರೆಸಿದವನಿಗೆ ತನ್ನ ಬಾಯಿಂದ ಒಂದು ಶಬ್ದ ಹೊರಡಿಸಲು ಆಗಲಿಲ್ಲ.

ಇಷ್ಟಕ್ಕೇ ನಾನು ಪೈ ಮೇಜಿಗೆ ಹಿಂದಿರುಗಬಹುದಿತ್ತು. ಆದರೆ ಅವನು ಹೇಳಿದ ಅಕ್ಷರ ನನ್ನ ಕಿವಿಯಲ್ಲಿ ಕೂತುಬಿಟ್ಟಿತ್ತು. ಆ ಪಿಸ್ತೂಲಿನಲ್ಲಿ ಓರಿನ್ ಅಂಥದ್ದೇನೂ ಒತ್ತಿದ್ದು ನನಗೆ ಗೊತ್ತಿರಲಿಲ್ಲ. ನೀಲಿ ಏರಿಸುವಾಗ ನೋಡಿದ್ದೆ, ಬಲಗಡೆ ಬರಿದಾಗಿತ್ತು. ಬಲಗಡೆಯ ಸ್ಕ್ರೂ ಬಿಚ್ಚಿದೆ. ಪಟ್ಟಿ ಎತ್ತಿದೆ.

ಡಬ್ಲ್ಯೂ. ನನ್ನ ನೀಲಿಯನ್ನು ಸೀಳಿಕೊಂಡು ಒತ್ತಿದ್ದು, ಅಂದರೆ ಎಲ್ಲ ಮುಗಿದ ಮೇಲೆ, ನನಗೆ ತಿಳಿಯದ ಹಾಗೆ. ಕೊನೆಯ ಕಾಲು ಅರ್ಧಕ್ಕೇ ಮುರಿದಿತ್ತು.

ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಪಿಸ್ತೂಲಿನ ಪಕ್ಕದಲ್ಲಿ ಮಲಗಿಸಿ, ಅದರ ಕುತ್ತಿಗೆಯ ಮೇಲಿನ ಕುಂಟ ಡಬ್ಲ್ಯೂ ಕಾಣುವ ಹಾಗೆ ತಿರುಗಿಸಿ ಇಟ್ಟೆ. ಲೋವೆಲ್ ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ. ಬೂದುಗಾಜನ್ನು ಪಕ್ಕದವನ ಕೈಗೆ ಕೊಟ್ಟ. ಅವನು ನೋಡಿ ಅವನ ಪಕ್ಕದವನಿಗೆ ಕೊಟ್ಟ. ಒಬ್ಬೊಬ್ಬರೂ ನೋಡಿದವರು ಟೊಪ್ಪಿ ಸರಿಮಾಡಿಕೊಂಡು ನನ್ನ ಕಣ್ಣು ತಪ್ಪಿಸಿದರು. ಈಗ ತಾನೇ ಕಿಸಕ್ಕನೆ ನಕ್ಕವರೂ ಅದರಲ್ಲಿದ್ದರು.

"ಮಿಸೆಸ್ ಸ್ಟಕಿ, ಇದು ಯಾರ ಗುರುತು?" ಲೋವೆಲ್ ಕೇಳಿದ.

"ನಂದು," ಎಂದೆ. "ನನ್ನ ಸಾಮಾನಿನ ಮೇಲೆಲ್ಲ ಒತ್ತೋರು. ಬೆರಕೆ ಆಗ್ಬಾರ್ದು ಅಂತ."

ಓರಿನ್‌ನ ಹೆಸರನ್ನು ಪ್ರಿಂಗಲ್ ಅಳಿಸಿದ, ಅದು ಅವನಿಗೆ ಗೊತ್ತಿದ್ದ ಹೆಸರು. ನನ್ನದನ್ನು ಜೋಪಾನವಾಗಿ ಉಳಿಸಿದ. ಆರುನೂರು ಪುಟ ಬರೆದ ಪಂಡಿತನಿಗೆ ಹೆಂಡತಿ ಎಂಬುವಳೊಬ್ಬಳು ಇರಬಹುದು ಎಂದು ಹೊಳೆಯಲೇ ಇಲ್ಲ.

ಅವನು ಕುರ್ಚಿಯಲ್ಲಿ ಕುಸಿದು ಕೂತಿದ್ದ. "ನಾನೇನು ಮಾಡ್ಲಿ," ಎಂದ ಕೊನೆಗೆ, ಯಾರನ್ನೂ ನೋಡದೆ. "ಪತ್ರಿಕೇಲಿ ಬಂದ್ಬಿಟ್ಟಿತ್ತು. ಆಮೇಲೆ ಬಿಚ್ಚಿ ನೋಡಿದ್ರೆ ಅವನ ಹೆಸರು. ಎರಡು ದಿನ ನಿದ್ದೆ ಮಾಡ್ಲಿಲ್ಲ ನಾನು. ಇಷ್ಟು ಚೆನ್ನಾಗಿ, ಸ್ಟಕಿ ಮಾಡಿದ ಅಂದ್ರೆ... ಸಾಧ್ಯಾನೇ ಇಲ್ಲ ಅನ್ನಿಸ್ತು. ಅದು ಅವನ ಯೋಗ್ಯತೆಗೆ ಮೀರಿದ್ದು."

ಸಾಯುವವರೆಗೂ ಓರಿನ್ ಕೇಳದೆ ಹೋದ ಹೊಗಳಿಕೆ ಅದು, ಅದೂ ಇವನ ಬಾಯಿಂದ, ಬೈಗುಳದ ವೇಷದಲ್ಲಿ. ಏನಾದರೂ ಕಟುವಾಗಿ ಹೇಳಬೇಕೆಂದು ಮೂವತ್ತು ವರ್ಷದಿಂದ ಮಾತು ಕೂಡಿಟ್ಟುಕೊಂಡಿದ್ದೆ. ಆ ಕುರ್ಚಿಯಲ್ಲಿ ಕೂತಿದ್ದ ಮುದುಕನನ್ನು ನೋಡಿದರೆ ಅಷ್ಟನ್ನೂ ಖರ್ಚು ಮಾಡಲು ಮನಸ್ಸಾಗಲಿಲ್ಲ.

"ಡಾಕ್ಟ್ರೇ," ಎಂದಷ್ಟೇ ಹೇಳಿದೆ, "ಕಟುಕರ ಕೆಲಸ ಹೆಂ‌ಗಿರುತ್ತೆ ಅಂತ ನೋಡ್ಬೇಕಾದ್ರೆ ಆ ಎಡಗಡೆ ತಗ್ಗು ನೋಡಿ."

ಪಟ್ಟಿಗಳನ್ನು ಮತ್ತೆ ಕೂರಿಸಿದೆ. ಸ್ಕ್ರೂ ಬಿಗಿದೆ. ಎಡಗಡೆಯದು ಬಿಗಿಯುತ್ತ ಬಿಗಿಯುತ್ತ ಹನ್ನೆರಡಕ್ಕೆ ಬಂದು ತಾನಾಗಿ ನಿಂತಿತು, ಅವನು ಎಂದೋ ಉಜ್ಜಿ ಇಟ್ಟ ಜಾಗದಲ್ಲೇ. ಬಲಗಡೆಯದೂ ಅಷ್ಟೇ. ಕೊನೆಯ ಒಂದು ಕೂದಲೆಳೆ ತಿರುಗಿಸುವ ತಾಳ್ಮೆ ಇದ್ದರೆ ಸಾಕಿತ್ತು, ಪ್ರಿಂಗಲ್‌ಗೆ ಅದೂ ಇರಲಿಲ್ಲ.

ಲೋವೆಲ್ ಹಳೆಯ ಚೀಟಿಯನ್ನು ಮಗುಚಿ, ಖಾಲಿ ಬದಿಯಲ್ಲಿ ದಪ್ಪಕ್ಷರಗಳಲ್ಲಿ ಬರೆದ: "ಮರಿ ಲೂಗರ್. ಮಾಡಿದವರು: ಓರಿನ್ ಸ್ಟಕಿ, 1979." ಬರೆದು ನನ್ನ ಕಡೆ ನೋಡಿದ. "ನಿಮ್ಮ ಹೆಸರೂ ಹಾಕ್ಲಾ?"

"ನೀಲಿ: ವಿಲ್ಡಾ ಸ್ಟಕಿ ಅಂತ ಹಾಕು," ಎಂದೆ. "ನೇರಳೆ: ಮೇವಿಸ್ ಅಂತ ಬೇಕಾದ್ರೆ ಸೇರ್ಸು."

ಅವನಿಗೆ ಅರ್ಥವಾಗಲಿಲ್ಲ, ಆದರೂ ಬರೆದ. ಹಾಗೆಯೇ ಪಿಸ್ತೂಲನ್ನು ಎರಡೂ ಕೈಯಲ್ಲಿ ಎತ್ತಿ, "ಒಂದ್ಸಲ ಹಿಡ್ಕೊಳ್ತೀರಾ?" ಎಂದ. ಕೈಗವಸು ಕೊಡಲಿಲ್ಲ. ಹಿಡಿದುಕೊಂಡೆ. ನನ್ನ ಬೆರಳುಗಳು ಈಗ ಗಂಟುಗಂಟಾಗಿವೆ, ಆದರೂ ಒಂದೊಂದೂ ತನ್ನ ತನ್ನ ಜಾಗಕ್ಕೆ ಹೋಗಿ ಕೂತಿತು. ನಂತರ ಬಟ್ಟೆ ತೆಗೆದುಕೊಂಡು ಬೆರಳ ಗುರುತು ಒರೆಸಿ ಹಿಂದಿರುಗಿಸಿದೆ.

ಪೈ ಎಲ್ಲ ಖರ್ಚಾಯಿತು, ಅಷ್ಟು ಹೊತ್ತಿಗೆ ಇಡೀ ಹಾಲ್‌ಗೆ ನನ್ನ ಜೊತೆ ಮಾತಾಡಬೇಕಾಗಿತ್ತು. ಓಪಲ್ ಖುಷಿಯಿಂದ ಖಾಲಿ ತಟ್ಟೆ ಒರೆಸುತ್ತಿದ್ದಳು. ನಾನು ಹೊರಗೆ ಬಂದು ಕಾರಿನಲ್ಲಿ ಕೂತೆ, ಬಾಗಿಲು ಹಾಕಿಕೊಂಡೆ. ಪಕ್ಕದ ಸೀಟಿನ ಮೇಲೆ ಕೈಚೀಲ, ಅದರೊಳಗೆ ಸ್ಕ್ರೂಡ್ರೈವರು. ಅಂಗಳದಲ್ಲಿ ಬಿಸಿಲು ಚೆನ್ನಾಗಿತ್ತು. ಆಗ ಅಳು ಬಂತು, ತಡೆಯಲಿಲ್ಲ.

"ಏನ್ ರೋಗ ಬಂದಿತ್ತೋ ನಿಂಗೆ," ಎಂದು ಓರಿನ್‌ನನ್ನು ಜೋರಾಗಿಯೇ ಕೇಳಿದೆ. "ಇದು ನಿಂದು, ನಿನ್ನ ಗುರುತು ಒತ್ತಿದೀನಿ ಅಂತ ಬಾಯ್ಬಿಟ್ಟು ಒಂದ್ ಮಾತು ಹೇಳೋಕೆ? ಹೇಳಿದ್ರೆ ನಾನು ಆ ಟೈರುಗಳನ್ನ ವಾಪಸ್ ಕೊಟ್ಟು ಇದನ್ನ ತರ್ತಿದ್ನಲ್ಲೋ, ಮೂಗ ನನ್ಮಗನೆ."